ಝೆಂಗ್‌ಝೌನಲ್ಲಿ ಬರಗೇರಮ್ಮನ ಒಲೆ

ಹಿರಿಯೂರು ಬಳಿಯ ಬಬ್ಬೂರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಆಗಲೇ ರವೆ ಹುರಿದ ಘಮ ಬೀದಿಗೆ ಬಂದಿದೆ. ಹಿತ್ತಲಿನ ಕಟ್ಟಿಗೆ ಒಲೆಯ ಮುಂದೆ ಬರಗೇರಮ್ಮ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಪಕ್ಕದ ಮೊರದಲ್ಲಿ ಹುರಿದ ಶೇಂಗಾ, ಬಟ್ಟೆಯ ಮೇಲೆ ಆರಲು ಹರವಿದ ಚಟ್ನಿಪುಡಿ. ಕೈ ರವೆಯನ್ನು ತಿರುವುತ್ತಲೇ ಇದೆ, ಮನಸ್ಸು ಮಾತ್ರ ಒಲೆಯ ಮುಂದಿಲ್ಲ. ನಡುವೆ ಎದ್ದು ಒಳಗೆ ಹೋಗುತ್ತಾರೆ, ಪೆಟ್ಟಿಗೆ ತೆರೆದು ನೋಡುತ್ತಾರೆ, ಮುಚ್ಚಿ ಬರುತ್ತಾರೆ.

“ಏನೋ ಮರ್ತಿದೀನಿ ಅನ್ನಿಸ್ತೈತೆ. ಏನು ಅಂತ ತಿಳೀವಲ್ದು. ವಿಮಾನ ಹತ್ತಾಗಂಟ ನಂದು ಇದೇ ಪಾಡು” ಎನ್ನುತ್ತಾರೆ.

ಬರುವ ಸೋಮವಾರ ಅವರು ಎರಡನೇ ಸಲ ಚೀನಾಕ್ಕೆ ಹೊರಡುತ್ತಿದ್ದಾರೆ. ಚಿತ್ರದುರ್ಗದ ಸುತ್ತಮುತ್ತಲಿನ ತಾಲ್ಲೂಕುಗಳಿಂದ ದೇಶ ನೋಡಲು ಹೋಗುವ ತಂಡಕ್ಕೆ ಬರಗೇರಮ್ಮ ಅಡುಗೆಯವರು. ಅವರೆಲ್ಲ ನೋಡಿ ಬಂದ ಜಾಗಗಳಲ್ಲಿ ಒಂದನ್ನೂ ಈಕೆ ನೋಡಿಲ್ಲ.

ಐವತ್ತು ದಾಟಿದ ಬರಗೇರಮ್ಮ ಹುಟ್ಟಿದ್ದು ಹಿರೇಗುಂಟನೂರಿನಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಮದುವೆಯಾಗಿ ಬಬ್ಬೂರಿಗೆ ಬಂದಾಗ ಕೃಷಿ ಕೇಂದ್ರದ ಹೊಲದಲ್ಲಿ ಕಳೆ ಕೀಳುವ ಕೂಲಿ ಸಿಕ್ಕಿತು. ತರಬೇತಿಗೆ ಬಂದ ರೈತರಿಗೆ ಅಡುಗೆ ಮಾಡುವವರು ಒಂದು ದಿನ ಕೈಕೊಟ್ಟರು. ಹೊಲದಲ್ಲಿದ್ದ ಬರಗೇರಮ್ಮನನ್ನೇ ಕರೆದು ಅಡುಗೆಗೆ ನಿಲ್ಲಿಸಿದರು. ಅಲ್ಲಿಂದ ಮುಂದೆ ಅವರು ಹೊಲಕ್ಕೆ ಇಳಿಯಲಿಲ್ಲ.

ಆ ಊಟ ಉಂಡವರಲ್ಲಿ ಹೊಳಲ್ಕೆರೆಯ ಶಿವಕುಮಾರಪ್ಪ ಒಬ್ಬರು. ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಜನರನ್ನು ಗುಂಪು ಕಟ್ಟಿ ಪ್ರವಾಸಕ್ಕೆ ಕರೆದೊಯ್ಯತೊಡಗಿದ ಅವರು ಬರಗೇರಮ್ಮನನ್ನೂ ಜೊತೆಗೆ ಕರೆದರು. ಕಾಶಿ, ಪುರಿ, ದ್ವಾರಕೆ. ಬಸ್ಸಿನ ಡಿಕ್ಕಿಯಲ್ಲಿ ಸಿಲಿಂಡರು, ಧರ್ಮಶಾಲೆಯ ಅಂಗಳದಲ್ಲಿ ಒಲೆ. ಜನ ದೇವರ ದರ್ಶನಕ್ಕೆ ಹೋದಾಗ ಇವರು ಅನ್ನ ಬಸಿಯುತ್ತಿದ್ದರು.

ಚೀನಾದ ಮಾತು ಬಂದಾಗ ಬರಗೇರಮ್ಮ ಮೊದಲು ಒಪ್ಪಲಿಲ್ಲ. ಉಳಿಯುವ ಊರು ಝೆಂಗ್‌ಝೌ. ಆ ದೇಶದ ನಾಲ್ಕು ದಿಕ್ಕಿನ ರೈಲುಗಳೂ ಅಲ್ಲಿ ಸೇರುತ್ತವೆ. ಶಿವಕುಮಾರಪ್ಪ ಬಬ್ಬೂರಿಗೇ ಬಂದು ಕೂತು ತಿಳಿಹೇಳಿದರು: “ನಮ್ಮ ಚಿಕ್ಕಜಾಜೂರು ಜಂಕ್ಷನ್ ಇದ್ದಂಗೆ ಕಣಮ್ಮ, ಭಾಳ ದೊಡ್ಡದು ಅಷ್ಟೆ. ಗಂಟುಮೂಟೆ ಎಲ್ಲ ಅಲ್ಲೇ ಇಟ್ಟು, ದಿನಕ್ಕೊಂದು ಊರಿಗೆ ಹೋಗಿ ಸಂಜಿಗೆ ವಾಪಸ್ ಬರಾದು. ನಿಂಗೆ ಒಲೆ ಬದಲಾಯಿಸೋ ತಾಪತ್ರಯ ಇಲ್ಲ.”

ಆ ಕೊನೆಯ ಮಾತಿಗೆ ಅವರು ಒಪ್ಪಿದರು. ಗಂಡ ಬೋರಯ್ಯ ಈಗಲೂ ಅದನ್ನು ನೆನೆದು ತಲೆ ಕೊಡವುತ್ತಾರೆ. “ಹಿರಿಯೂರು ಸಂತ್ಯಾಗೇ ದಾರಿ ತಪ್ತಾಳೆ. ಚೀನಾಕ್ಕೆ ಹೊಂಟ್ಲು ಅಂದ್ರೆ ನಂಗೆಲ್ಲಿ ನಿದ್ದಿ ಬರ್ಬೇಕು?”

ಝೆಂಗ್‌ಝೌನ ಹೋಟೆಲಿನವರು ಹಿಂಬದಿಯ ಅಡುಗೆಮನೆಯಲ್ಲಿ ಒಂದು ಒಲೆ ಬಿಟ್ಟುಕೊಟ್ಟರು. ಪಾತ್ರೆ ತೊಳೆಯುವ ವಾಂಗ್ ಎಂಬ ಹೆಂಗಸು ಪಕ್ಕದಲ್ಲೇ ಇರುತ್ತಿದ್ದರು. ಇಬ್ಬರಿಗೂ ಮತ್ತೊಬ್ಬರ ಮಾತಿನ ಗಂಧವಿಲ್ಲ. ಉಪ್ಪು ಎಲ್ಲಿ, ನೀರು ಎಲ್ಲಿ ಎಂಬುದೆಲ್ಲ ಕೈಸನ್ನೆಯಲ್ಲೇ ನಡೆಯಿತು. ಎರಡನೇ ದಿನಕ್ಕೆ ಬರಗೇರಮ್ಮ ಆಕೆಯನ್ನು ವಾಂಗಕ್ಕ ಎಂದು ಕರೆಯುತ್ತಿದ್ದರು, ಆಕೆ ಓಗೊಡುತ್ತಿದ್ದರು.

ತಂಡ ಲುವೊಯಾಂಗ್ ಎಂಬ ಊರಿನ ಬುದ್ಧನ ಗುಹೆಗಳಿಗೆ ಹೊರಟ ದಿನ ರೈಲು ಬೇಗ ಇತ್ತು. ನಾಷ್ಟಾ ರೈಲಿನಲ್ಲೇ ಆಗಲಿ ಎಂದರು ಶಿವಕುಮಾರಪ್ಪ. ಬರಗೇರಮ್ಮ ಉಪ್ಪಿಟ್ಟನ್ನು ಡಬ್ಬಿಗಳಿಗೆ ತುಂಬಿ ಒಂದೇ ಚೀಲಕ್ಕೆ ಹಾಕಿ, ಹೊಸದುರ್ಗದ ಮುದ್ದಣ್ಣನ ಹೆಗಲಿಗೆ ಏರಿಸಿ ಕಳಿಸಿದರು. ಎಲ್ಲರೂ ಹೋದ ಮೇಲೆ ರಾತ್ರಿಯ ಊಟಕ್ಕೆ ಹುರುಳಿ ಆರಿಸುತ್ತ ಕೂತರು. ಆಗ ಶಿವಕುಮಾರಪ್ಪನವರ ಫೋನು ಬಂತು.

“ಬರಗೇರಮ್ಮ, ಶಾಂತಕ್ಕ ರೈಲು ಹತ್ತಿಲ್ಲ. ಬಚ್ಚಲಿಗೆ ಹೋಗಿದ್ರಂತೆ, ಅಷ್ಟರಾಗೆ ಗೇಟು ಹಾಕ್ಯಾರೆ. ನಾನು ಎಣಿಸಿದ್ರಾಗೆ ತಪ್ಪೇತಿ. ರೈಲು ಹೊಂಟೈತೆ, ಇನ್ನು ಲುವೊಯಾಂಗಿಗೆ ಹೋಗೇ ನಾನು ತಿರುಗಬೇಕು.”

ಶಾಂತಕ್ಕ ಶ್ರೀರಾಂಪುರದವರು, ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಒಂಟಿಯಾಗಿ ತಂಡಕ್ಕೆ ಸೇರಿದ್ದವರು. ಅವರಿಗೆ ಸಕ್ಕರೆ ಕಾಯಿಲೆ. ರೈಲು ಹತ್ತಿದ ಕೂಡಲೇ ತಿಂದರಾಯಿತೆಂದು ಹೊರಡುವ ಮುಂಚೆಯೇ ಇನ್ಸುಲಿನ್ ಚುಚ್ಚಿಕೊಂಡದ್ದನ್ನು ಬರಗೇರಮ್ಮ ಕಣ್ಣಾರೆ ನೋಡಿದ್ದರು. ತಿನ್ನಬೇಕಾದ ಡಬ್ಬಿ ಮುದ್ದಣ್ಣನ ಹೆಗಲ ಮೇಲೆ ಲುವೊಯಾಂಗಿನ ಕಡೆ ಓಡುತ್ತಿತ್ತು.

“ಸೂಜಿ ಹಾಕ್ಕಂಡವ್ರೆ ಸಾರ್” ಎಂದರು. ಸೂಜಿ ಹಾಕಿಕೊಂಡು ಉಣ್ಣದಿದ್ದರೆ ಸಕ್ಕರೆ ತೀರಾ ಇಳಿದು ಜೀವಕ್ಕೇ ಅಪಾಯವೆಂದು ಇಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ಹೋಟೆಲಿನ ಕೌಂಟರಿನ ಹುಡುಗಿ ಓಡಿಬಂದು ತನ್ನ ಮೊಬೈಲು ಹಿಡಿದಳು. ಶಾಂತಕ್ಕನ ಕೈಯಲ್ಲಿದ್ದ ಹೋಟೆಲಿನ ಚೀಟಿ ನೋಡಿ ನಿಲ್ದಾಣದವರು ಒಂದು ಫೋಟೋ ಕಳಿಸಿದ್ದರು. ಸಾಲು ಕುರ್ಚಿಗಳ ನಡುವೆ ಸೀರೆಯ ಮೇಲೆ ಸ್ವೆಟರ್ ತೊಟ್ಟ ಶಾಂತಕ್ಕ. ತಲೆ ಒಂದು ಕಡೆಗೆ ವಾಲಿದೆ, ಕಣ್ಣು ಅರೆಮುಚ್ಚಿವೆ.

“ನಮ್ಮ ಚಿಕ್ಕವ್ವ ಹಿಂಗೇ ವಾಲಿದ್ಳು, ಮತ್ತೆ ಏಳ್ಲಿಲ್ಲ” ಎನ್ನುತ್ತಾರೆ ಬರಗೇರಮ್ಮ. ಹೇಳುವಾಗ ರವೆ ಸೀದ ವಾಸನೆ ಬರುತ್ತದೆ. ಗಡಬಡಿಸಿ ಬಾಣಲೆ ಇಳಿಸುತ್ತಾರೆ.

ಅಂದು ಅವರ ಕೈಗೆ ಸಿಕ್ಕಿದ್ದು ಬೆಲ್ಲದ ಅಚ್ಚು, ಒಂದು ಲೋಟ, ಪಾತ್ರೆಯ ತಳದಲ್ಲಿ ಉಳಿದಿದ್ದ ಉಪ್ಪಿಟ್ಟು. ಸೆರಗಿಗೆ ಕಟ್ಟಿಕೊಂಡು ಬಾಗಿಲಿಗೆ ಓಡಿದರು. ಆ ಹೋಟೆಲಿನಿಂದ ಅವರು ಅದುವರೆಗೆ ಒಬ್ಬರೇ ಹೊರಗೆ ಕಾಲಿಟ್ಟಿರಲಿಲ್ಲ. ರಸ್ತೆಯಲ್ಲಿ ಯಾವ ಬೋರ್ಡೂ ಓದಲು ಬಾರದು, ಬಲಕ್ಕೋ ಎಡಕ್ಕೋ ತಿಳಿಯದು. ದಿಕ್ಕುತೋಚದೆ ನಿಂತಿದ್ದಾಗ ಹಿಂದಿನಿಂದ ಹಾರ್ನು ಕೇಳಿತು. ಫೋಟೋವನ್ನು ವಾಂಗಕ್ಕನೂ ನೋಡಿದ್ದರು. ಒದ್ದೆ ಏಪ್ರನ್ ಬಿಚ್ಚದೆ ವಾಂಗಕ್ಕ ತಮ್ಮ ಬ್ಯಾಟರಿ ಸ್ಕೂಟರ್ ತಂದು ನಿಲ್ಲಿಸಿ, ಹಿಂದಿನ ಸೀಟು ತಟ್ಟಿದರು.

“ಚಳೀನೋ ಚಳಿ. ಆಯಮ್ಮನ ಸೊಂಟ ಗಟ್ಟಿಯಾಗಿ ಹಿಡ್ಕಂಡು ಕಣ್ ಮುಚ್ಚಿಬಿಟ್ಟೆ. ಸಿಗ್ನಲ್‌ನಾಗೆ ನಿಂತಾಗೆಲ್ಲ, ಯಾಕಾರ ನಿಂತ್ಲಪ್ಪ ಅನ್ಸೋದು.”

ನಿಲ್ದಾಣದ ಬಾಗಿಲಲ್ಲಿ ಕಾವಲಿನವನು ಅಡ್ಡ ಬಂದ. ಟಿಕೆಟಿಲ್ಲದೆ ಒಳಗೆ ಬಿಡುವಂತಿಲ್ಲ. ಬರಗೇರಮ್ಮ ಸೊಂಟದ ಸಂಚಿಯಿಂದ ಪಾಸ್‌ಪೋರ್ಟ್ ತೆಗೆದು ತೋರಿಸಿದರು, ಅವನು ತಲೆಯಾಡಿಸಿದ. ಒಳಗೆ ಜಾತ್ರೆಗಿಂತ ಹೆಚ್ಚು ಜನ, ಆ ಜನದ ಆಚೆ ಎಲ್ಲೋ ಶಾಂತಕ್ಕ. ವಾಂಗಕ್ಕ ದನಿ ಏರಿಸಿದರು. ಏನು ಹೇಳಿದರೋ ಬರಗೇರಮ್ಮನಿಗೆ ಇಂದಿಗೂ ಗೊತ್ತಿಲ್ಲ. ಕಾವಲಿನವನು ವಾಕಿಟಾಕಿಯಲ್ಲಿ ಮಾತಾಡಿದ, ಉತ್ತರಕ್ಕೆ ಕಾದ, ಮತ್ತೆ ಮಾತಾಡಿದ. ಕೊನೆಗೆ ಸಮವಸ್ತ್ರದ ಹೆಂಗಸೊಬ್ಬಳು ಬಂದು ಇಬ್ಬರನ್ನೂ ಪಕ್ಕದ ಬಾಗಿಲಿಂದ ಒಳಗೆ ಕರೆದೊಯ್ದಳು.

ಶಾಂತಕ್ಕನ ಮಡಿಲಲ್ಲಿ ಒಂದು ಬನ್ನು ಇತ್ತು. ಯಾರೋ ಪ್ರಯಾಣಿಕರು ಕೊಟ್ಟದ್ದು. ಒಳಗೆ ಏನು ತುಂಬಿದೆಯೋ ಎಂಬ ಹೆದರಿಕೆಗೆ ಅವರು ಅದನ್ನು ಬಾಯಿಗಿಟ್ಟಿರಲಿಲ್ಲ. ಹಣೆಯಲ್ಲಿ ಬೆವರು, ಕೈ ತಣ್ಣಗೆ. ಬರಗೇರಮ್ಮ ಬೆಲ್ಲವನ್ನು ನೆಲಕ್ಕೆ ಕುಟ್ಟಿ ಪುಡಿಮಾಡಿದರು, ವಾಂಗಕ್ಕ ಅಲ್ಲೇ ಇದ್ದ ನಲ್ಲಿಯಿಂದ ಬಿಸಿನೀರು ಹಿಡಿದು ತಂದರು. ಕರಗಿಸಿ, ಆರಿಸಿ, ಲೋಟವನ್ನು ತುಟಿಗೆ ಹಿಡಿದರು.

“ಶಾಂತಕ್ಕ, ನಾನು ಬರಗೇರಿ. ಬೆಲ್ಲದ ನೀರು ಐತೆ, ಕುಡೀರಿ.”

ಮೊದಲ ಗುಟುಕು ಗಲ್ಲದ ಮೇಲೆ ಇಳಿಯಿತು. ಎರಡನೆಯದನ್ನು ಅವರು ನುಂಗಿದರು. ಲೋಟ ಖಾಲಿಯಾಯಿತು, ಇನ್ನೊಂದು ಬಂತು. ತುಂಬಾ ಹೊತ್ತಾದ ಮೇಲೆ ಶಾಂತಕ್ಕ ಕಣ್ಣು ಬಿಟ್ಟು, ಎದುರಿಗೆ ಕೂತವರನ್ನು ದಿಟ್ಟಿಸಿ, ಸಣ್ಣ ದನಿಯಲ್ಲಿ ಕೇಳಿದರು: “ನೀನ್ಯಾಕೆ ಬಂದ್ಯೇ, ಅಲ್ಲಿ ಒಲಿ ಮೇಲೆ ಏನೈತೆ?”

ಬರಗೇರಮ್ಮನಿಗೆ ಅಳು ತಡೆಯಲಾಗಲಿಲ್ಲ. ವಾಂಗಕ್ಕ ಏಪ್ರನ್ನಿನ ತುದಿ ಮುಂದೆ ಚಾಚಿದರು.

ಮಧ್ಯಾಹ್ನದ ಹೊತ್ತಿಗೆ ಶಿವಕುಮಾರಪ್ಪ ವಾಪಸಾದರು. ಶಾಂತಕ್ಕ ಹೋಟೆಲಿನ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮಾರನೆಯ ದಿನದಿಂದ ಬರಗೇರಮ್ಮ ತಮ್ಮದೇ ಕಾಯಿದೆ ಮಾಡಿದರು: ರೈಲು ಎಷ್ಟೇ ಬೇಗ ಇರಲಿ, ತಮ್ಮ ಕಣ್ಣೆದುರು ತಿನ್ನದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಮೇಷ್ಟ್ರೂ ಸೇರಿ.

ಈ ಸಲದ ತಂಡದಲ್ಲೂ ಶಾಂತಕ್ಕ ಇದ್ದಾರೆ. ಮಗ ಬೇಡವೆಂದು ಹಟ ಹಿಡಿದನಂತೆ. “ಬರಗೇರಿ ಹೋಗಾದಾದ್ರೆ ನಾನೂ ಹೋಗ್ತೀನಿ” ಎಂದು ಆತನ ಬಾಯಿ ಮುಚ್ಚಿಸಿದ್ದಾರೆ. ಆ ಮಾತು ಕಿವಿಗೆ ಬಿದ್ದಾಗಿನಿಂದ ಬರಗೇರಮ್ಮನ ಕಳವಳ ಇಮ್ಮಡಿಸಿದೆ.

ಮೂಡಲು ಕೆಂಪಾಗುತ್ತದೆ. ಬೋರಯ್ಯ ಕುರಿಗಳ ತಡಿಕೆ ತೆಗೆಯುತ್ತ, “ಹೋಗ್ಲೇಬೇಕಾ?” ಎಂದು ಇನ್ನೊಮ್ಮೆ ಕೇಳುತ್ತಾರೆ. ಬರಗೇರಮ್ಮ ಚಟ್ನಿಪುಡಿಯನ್ನು ಡಬ್ಬಿಗೆ ತುಂಬುತ್ತಾರೆ. ಲುವೊಯಾಂಗಿನ ಬುದ್ಧನನ್ನು ಈ ಸಲವಾದರೂ ನೋಡಬೇಕೆಂಬ ಆಸೆ ಇಲ್ಲವೇ ಎಂದರೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

“ಊರಾಗೆ ಎಲ್ರೂ ಕೇಳ್ತಾರೆ, ಚೀನಾದಾಗೆ ಏನ್ ನೋಡ್ದೆ ಅಂತ. ಶಾಂತಕ್ಕ ಕಣ್ ಬಿಟ್ಟಿದ್ದು ನೋಡ್ದೆ ಅಂತೀನಿ. ನಗ್ತಾರೆ. ನಗ್ಲಿ ಬಿಡ್ರಿ.”