ನಾಲ್ಕೂವರೆ ಮೊಳದ ದಾರಿ

ನಾಲ್ಕೂ ಗಾಲಿ ಎಳೆಯುವ ದೊಡ್ಡ ಗಾಡಿಯೊಂದನ್ನು ಕೊಳ್ಳಬೇಕೆಂಬ ಠರಾವು ನಮ್ಮ ಮನೆಯಲ್ಲಿ ಪಾಸಾದದ್ದು, ಅತ್ತಿಗೆ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಸಮೇತ ಮಗ್ಗುಲಾದ ಮರುದಿನ. ಸಭೆಗೆ ಅಣ್ಣ ಅಧ್ಯಕ್ಷ, ನಾನು ಕಾರ್ಯದರ್ಶಿ. ಹಣೆಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಅತ್ತಿಗೆಯೇ ಸಮಸ್ತ ಸಾರ್ವಜನಿಕರು. ವಿರೋಧ ಬರಲಿಲ್ಲ.

"ಕುರ್ಚಿ ಚೊಲೋನ ಇತ್ತು, ರಸ್ತಾನ ಬರೋಬ್ಬರಿ ಇದ್ದಿಲ್ಲ" ಎಂದಷ್ಟೇ ಸಾರ್ವಜನಿಕರು ಹೇಳಿದರು.

ಅತ್ತಿಗೆಯ ಎರಡೂ ಮೂತ್ರಪಿಂಡ ಕೆಲಸ ಬಿಟ್ಟಿದ್ದವು. ಸೋಮವಾರ ಮತ್ತು ಗುರುವಾರ ಯಾದಗಿರಿಯ ಆಸ್ಪತ್ರೆಗೆ ಹೋಗಿ, ನಾಲ್ಕು ತಾಸು ಡಯಾಲಿಸಿಸ್ ಯಂತ್ರಕ್ಕೆ ಕೈಯೊಡ್ಡಿ ಮಲಗಬೇಕು. ಹಿಂದಿನ ಮಳೆಗಾಲದಲ್ಲಿ ಎರಡು ಸರದಿ ತಪ್ಪಿ, ಎದೆಯಲ್ಲಿ ನೀರು ತುಂಬಿ, ಉಸಿರಿಗಾಗಿ ಬಡಿದಾಡಿದ್ದಳು. ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕರೆದು, "ಇನ್ನೊಮ್ಮೆ ಹಿಂಗ ತಪ್ಪಿಸಿದ್ರ ನನ್ನ ಮುಂದ ಬಂದು ಅಳಬ್ಯಾಡ್ರಿ" ಎಂದಿದ್ದರು. ನಮ್ಮವ್ವ ತೀರಿಕೊಂಡಾಗ ನನಗೆ ಐದು ವರ್ಷ. ಆಮೇಲೆ ನನಗೆ ಎಣ್ಣೆ ಹಚ್ಚಿದವಳು, ರೊಟ್ಟಿ ಕಟ್ಟಿ ಸಾಲೆಗೆ ಅಟ್ಟಿದವಳು, ಮಗ್ಗಿ ತಪ್ಪಿದಾಗ ಲಟ್ಟಣಿಗೆ ಎತ್ತಿದವಳು ಅತ್ತಿಗೆಯೇ. ನಾನು ಮುಂದೆ ಗಣಿತದ ಮಾಸ್ತರನಾದದ್ದಕ್ಕೆ ಆ ಲಟ್ಟಣಿಗೆಯೂ ಒಂದು ಕಾರಣ.

ನಮ್ಮ ಊರು ಸುರಪುರ ಮತ್ತು ಹುಣಸಗಿಯ ನಡುವೆ, ಡಾಂಬರು ರಸ್ತೆಯಿಂದ ಒಂದೂವರೆ ಮೈಲಿ ಒಳಗೆ. ಕಾಲುವೆ ಬರುವ ಮುಂಚೆ ಜೋಳದ ಹೊಲಗಳ ನಡುವೆ ಬಂಡಿದಾರಿ ಇತ್ತು. ಕಾಲುವೆ ಬಂತು, ಜೋಳ ಹೋಗಿ ಭತ್ತ ಬಂತು, ನಾವು ಅನ್ನ ಉಣ್ಣುವ ದೊಡ್ಡ ಮನುಷ್ಯರಾದೆವು. ಎರೆ ಭೂಮಿ ವರ್ಷದಲ್ಲಿ ಎಂಟು ತಿಂಗಳು ನೀರು ಕುಡಿದು ಬಂಡಿದಾರಿಯನ್ನು ನುಂಗಿತು. ಉಳಿದದ್ದು ಕಾಲುವೆಯ ದಂಡೆ ಒಂದೇ. ಮಳೆ ಬಿದ್ದರೆ ಅದರ ಮೇಲೆ ಸಾದಾ ಕಾರು ಜಾರಿ ನೀರಿಗಿಳಿಯುತ್ತದೆ. ಆಂಬುಲೆನ್ಸಿನವರು ಡಾಂಬರಿನ ಮೇಲೆಯೇ ನಿಂತು ಹಾರ್ನ್ ಹೊಡೆಯುತ್ತಾರೆ. ಅಲ್ಲಿಯ ತನಕ ಅತ್ತಿಗೆಯನ್ನು ಟ್ರಾಲಿಯಲ್ಲಿ ಒಯ್ಯುವುದು ನಮ್ಮ ಪದ್ಧತಿಯಾಗಿತ್ತು.

ದಂಡೆ ಡಾಂಬರಿಗೆ ಕೂಡುವಲ್ಲಿ ಎರಡು ಕಲ್ಲಿನ ಕಂಬಗಳಿದ್ದವು. ಅವನ್ನು ನಿಲ್ಲಿಸಿದವನು ನನ್ನ ಅಣ್ಣ. ಭತ್ತದ ಲಾರಿಗಳು ಓಡಾಡಿ ಒಂದು ವರ್ಷ ದಂಡೆ ಒಡೆದು, ಕೆಳಗಿನ ಓಣಿಯ ಮನೆಗಳಲ್ಲಿ ಸೊಂಟಮಟ ನೀರು ನಿಂತಿತ್ತು. ಆಗ ಊರವರೆಲ್ಲ ಕೂಡಿ, ಬಂಡಿ ಮತ್ತು ಟ್ರ್ಯಾಕ್ಟರು ತೂರಬೇಕು, ಲಾರಿ ತೂರಬಾರದು ಎಂದು ನಿಶ್ಚಯಿಸಿದರು. ಅಣ್ಣ ಮಂಡಿಯೂರಿ ಕುಳಿತು, ಮೊಳಕೈ ನೆಲಕ್ಕಿಟ್ಟು ನಾಲ್ಕೂವರೆ ಮೊಳ ಅಳೆದ. ಗಚ್ಚು ಹಾಕಿ ಕಲ್ಲು ನಿಲ್ಲಿಸಿದರು. ನಮ್ಮೂರಲ್ಲಿ ಅಣ್ಣನ ಮೊಳಕ್ಕೆ ಅಪೀಲಿಲ್ಲ. ಕಾಳು ಹೂಳುವ ಹಗೇವು ತೋಡುವುದರಿಂದ ಹಿಡಿದು ಹಂದರ ಹಾಕುವ ತನಕ ಅದೇ ಅಳತೆ. ಒಮ್ಮೆ ಪಕ್ಕದ ಹೊಲದವನು ಭತ್ತ ಕೊಯ್ಯುವ ಯಂತ್ರ ತರಿಸಿ, ಒಂದು ಕಲ್ಲು ಒಂದೇ ದಿನದ ಮಟ್ಟಿಗೆ ಕೀಳಬೇಕೆಂದು ಬೇಡಿಕೊಂಡ. ಅಣ್ಣ, "ನಮ್ಮಪ್ಪ ಎದ್ದು ಬಂದ್ರೂ ಕಲ್ಲು ಕೀಳಂಗಿಲ್ಲ" ಎಂದ. ಯಂತ್ರ ಬಂದ ದಾರಿಯಲ್ಲೇ ವಾಪಸು ಹೋಯಿತು. ಆಳು ಸಿಗುವಷ್ಟರಲ್ಲಿ ಮಳೆ ಬಂದು ಅವನ ಅರ್ಧ ಭತ್ತ ಮೊಳಕೆಯೊಡೆಯಿತು.

ಗಾಡಿ ಆರಿಸುವ ಕೆಲಸಕ್ಕೆ ಅಣ್ಣ ತನಗೆ ತಿಳಿದಿದ್ದ ಒಂದೇ ಶಾಸ್ತ್ರವನ್ನು ಬಳಸಿದ. ಅದು ಎತ್ತು ಕೊಳ್ಳುವ ಶಾಸ್ತ್ರ. ಶಹಾಪುರದಲ್ಲಿ ಒಬ್ಬ ಗುತ್ತಿಗೆದಾರನ ಹಳೆಯ ಜೀಪು ಮಾರಾಟಕ್ಕಿತ್ತು. ಅಣ್ಣ ಅದರ ಸುತ್ತ ಮೂರು ಸಲ ತಿರುಗಿ, ಹಿಂಭಾಗಕ್ಕೆ ಅಂಗೈಯಿಂದ ಎರಡು ಏಟು ಕೊಟ್ಟು ಕಿವಿಗೊಟ್ಟ. ಬಳಿಕ ಗುತ್ತಿಗೆದಾರನಿಗೇ, "ಸಾಹೇಬ್ರ, ಒಂದೀಟು ಆ ಕಡಿ ನಡಿಸ್ಕೊಂಡ ಹೋಗ್ರಿ, ಹಿಂದಿನಿಂದ ನೋಡಬೇಕು" ಎಂದ.

"ಯಾಕ್ರಿ ಗೌಡ್ರ, ಬಾಲ ಎತ್ತತದೇನ ಅಂತ ನೋಡ್ತೀರೇನು?"

"ಬಾಲ ಇಲ್ಲ ಅಂತ ನಂಗೂ ಕಾಣತದ. ನಡಿಗಿ ನೋಡಾಕತ್ತೀನಿ."

ನಡಿಗೆ ಪಾಸಾಗಲಿಲ್ಲ. ಬಲಗಾಲು ಕುಂಟು ಎಂದು ಅಣ್ಣ ತೀರ್ಪು ಕೊಟ್ಟ. ಆಮೇಲೆ ಮೆಕ್ಯಾನಿಕ್ಕನೂ ಅದನ್ನೇ ಹೇಳಿದ. ಸುರಪುರದಲ್ಲಿ ಕಂಡ ಎರಡನೆಯ ಗಾಡಿ ಗಿಡ್ಡದು, ಗಟ್ಟಿಯಾದದ್ದು, ಕಲ್ಲುಗಳ ನಡುವೆ ನಗುತ್ತ ತೂರುವಂಥದ್ದು. ಆದರೆ ಹಿಂದೆ ಅಡ್ಡಬೆಂಚು. ಯಂತ್ರದಿಂದ ಎದ್ದ ಮೇಲೆ ಅತ್ತಿಗೆಗೆ ಕೂರಲಾಗುತ್ತಿರಲಿಲ್ಲ, ದಾರಿಯುದ್ದಕ್ಕೂ ಮಲಗಿಯೇ ಬರಬೇಕು. ಹೀಗಾಗಿ ಸೀಟು ಮಡಚಿ ಹಾಸಿಗೆ ಹಾಸುವಂಥ ದೊಡ್ಡ ಗಾಡಿಯೇ ಆಗಬೇಕೆಂದಾಯಿತು.

ಅಂಥದ್ದು ಯಾದಗಿರಿಯಲ್ಲಿ ಸಿಕ್ಕಿತು. ಅಂದು ಗುರುವಾರ, ಮಳೆ ಇರಲಿಲ್ಲ, ಬಾಡಿಗೆ ಕಾರು ದಂಡೆ ಹಾದು ಮನೆತನಕ ಬಂದಿತ್ತು. ಅತ್ತಿಗೆ ಯಂತ್ರಕ್ಕೆ ಮಲಗಿದ್ದಳು, ಯಾರಾದರೊಬ್ಬರು ಅವಳ ಬಳಿ ಇರಬೇಕಿತ್ತು. ಅಣ್ಣ ಉಳಿದ. "ನಾಲ್ಕೂವರಿ ಮೊಳ ಅದ ತಮ್ಮಾ. ಅದರೊಳಗ ಇದ್ರ ಹೂಂ ಅನ್ನು. ನಡಿಗಿ ಮರೀಬ್ಯಾಡ" ಎಂದು ನನ್ನನ್ನು ಕಳಿಸಿದ.

ಗಾಡಿ ನೋಡಿ ನನಗೆ ಎದ್ದು ನಿಂತು ನಮಸ್ಕರಿಸುವಂತಾಯಿತು. ಅಂಗಡಿಯ ಹುಡುಗಿ ಅಗಲ, ಎತ್ತರ ಎಲ್ಲ ಅಚ್ಚಾಗಿದ್ದ ಕಾಗದ ಕೊಟ್ಟಳು, ಮಿಲಿಮೀಟರಿನಲ್ಲಿತ್ತು. ಮಡಚಿ ಕಿಸೆಗಿಟ್ಟೆ. ಪಂಚೆ ಸರಿಮಾಡಿಕೊಂಡು ಗಾಡಿಯ ಮುಂದೆ ಬಾಗಿ, ನನ್ನ ಮೊಳಕೈ ಹಚ್ಚಿ ಈ ತುದಿಯಿಂದ ಆ ತುದಿಗೆ ಅಳೆದೆ. ನಾಲ್ಕು ಮೊಳ, ನಾಲ್ಕು ಬೆರಳು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ನಾನು ಗಂಭೀರವಾಗಿ ಹೂಂ ಅಂದೆ.

ಅಳೆಯುವ ಮಾನ ಎಲ್ಲರಿಗೂ ಒಂದೇ ಇರಬೇಕು, ಇಲ್ಲವಾದರೆ ಅಳತೆಗೆ ಅರ್ಥವಿಲ್ಲ ಎಂದು ಇಪ್ಪತ್ತೊಂಬತ್ತು ವರ್ಷ ಐದನೆಯ ತರಗತಿಗೆ ಬೋಧಿಸಿದವನು ನಾನು. ಅಣ್ಣ ಗಿಡ್ಡ, ತೋಳು ಮೊಂಡು. ನಾನು ಉದ್ದ, ಸಾಲೆಯ ಮಕ್ಕಳು ನನಗಿಟ್ಟ ಹೆಸರು ಕೊಕ್ಕರೆ.

ಭಾನುವಾರ ಮಧ್ಯಾಹ್ನ ಗಾಡಿ ತಂದೆ. ಎರಡು ದಿನದಿಂದ ಜಿಟಿಜಿಟಿ ಮಳೆ. ಅಣ್ಣ ಊದಿನಕಡ್ಡಿ ಹಿಡಿದುಕೊಂಡು ಕಲ್ಲಿನ ಹತ್ತಿರವೇ ಬಂದು ನಿಂತಿದ್ದ. ಗಾಡಿಯ ಮೂತಿ ಒಳಗೆ ಹೋಯಿತು. ಕನ್ನಡಿಗಳನ್ನು ಮಡಚಿದೆ. ಇನ್ನೊಂದು ಗೇಣು ಹೋದೆ. ಆಮೇಲೆ ಎರಡೂ ಕಡೆಯಿಂದ ಏಕಕಾಲಕ್ಕೆ ಒಂದು ಸದ್ದು ಬಂತು. ಅದನ್ನು ನಾನು ಇಲ್ಲಿ ಬರೆಯಲಾರೆ.

ಅಣ್ಣ ಬಗ್ಗಿ ನೋಡಿದ. ತನ್ನ ಕೈ ಚಾಚಿದ. ನನ್ನ ಕೈಯನ್ನೂ ಚಾಚಲು ಹೇಳಿ ಎರಡನ್ನೂ ಪಕ್ಕಪಕ್ಕ ಹಿಡಿದ. ನಾಲ್ಕು ಬೆರಳು ಹೆಚ್ಚುಕಮ್ಮಿ.

"ಮಾಸ್ತರ ಅಂತ ಮಾಸ್ತರ" ಎಂದ. ಬೈಗುಳ ಅಷ್ಟೇ. ನಂತರ ಊದಿನಕಡ್ಡಿಯನ್ನು ಮಳೆಗೆ ಹಿಡಿದು ಆರಿಸಿದ.

ಸೋಮವಾರ ಬೆಳಕಾಗುವಷ್ಟರಲ್ಲಿ ಅತ್ತಿಗೆಯ ಮುಖ ಊದಿತ್ತು. ಗುರುವಾರ ರಕ್ತದೊತ್ತಡ ಇಳಿದು ಅವಳನ್ನು ಅರ್ಧಕ್ಕೇ ಯಂತ್ರದಿಂದ ಬಿಡಿಸಿದ್ದರು. ಎರಡು ದಿಂಬು ಒರಗಿಸಿದರೂ ಉಸಿರು ಹಿಡಿಯುತ್ತಿತ್ತು. ಗಾಡಿ ಒಂದೂವರೆ ಮೈಲಿ ದೂರ, ಕಲ್ಲಿನ ಆಚೆ. ಟ್ರಾಲಿಯ ಹೆಸರೆತ್ತುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

"ಹೊರಸಿನ ಮ್ಯಾಲ ಮಲಗಿಸಿ ಹೊತ್ತಗೊಂಡ ಹೋಗೂಣು. ನಾಲ್ಕ ಮಂದಿ ಸಾಕು" ಎಂದ ಅಣ್ಣ.

ಅತ್ತಿಗೆ ಉಸಿರು ಕೂಡಿಸಿಕೊಂಡು ಹೇಳಿದಳು: "ನಾಲ್ಕ ಮಂದಿ ಹೊರೂದು ಒಂದ ಸಲ ಇರತದ. ಎರಡ ಸಲ ಆ ಮರ್ಯಾದಿ ನನಗ ಬ್ಯಾಡ."

ನಾನು ನಕ್ಕೆ, ಅಣ್ಣ ನಗಲಿಲ್ಲ. ಅವನು ಹೊರಗೆ ಹೋಗಿ ಹಾರೆ ತೆಗೆದುಕೊಂಡ. ಅವನ ಹಿಂದೆ ನಾನು ಸಲಿಕೆ ಹಿಡಿದು ಜಾರುತ್ತ ನಡೆದೆ.

ಗಚ್ಚು ಗಟ್ಟಿಯಾಗಿತ್ತು, ಅಣ್ಣನೇ ಮುಂದೆ ನಿಂತು ಹಾಕಿಸಿದ್ದಲ್ಲವೆ. ಅಗೆಯುವ ಸದ್ದಿಗೆ ಪಕ್ಕದ ಹೊಲದವನು ತಲೆಗೆ ಗೊಬ್ಬರದ ಚೀಲ ಹೊದ್ದುಕೊಂಡು ಬಂದ. ನಿಂತು ನೋಡಿದ.

"ಏನ್ರಿ ಕಾಕಾ, ನಿಮ್ಮಪ್ಪ ಎದ್ದು ಬಂದಾನೇನು?"

ಅಣ್ಣ ತಲೆ ಎತ್ತಲಿಲ್ಲ. "ನಿಮ್ಮ ಕಾಕಿಗೆ ಉಸರಾಡಾಕ ಆಗವಲ್ದಪಾ" ಎಂದ.

ಅವನು ಚೀಲ ತೆಗೆದು ಬದುವಿಗೆ ಎಸೆದ, ಅಣ್ಣನ ಕೈಯಿಂದ ಹಾರೆ ಕಸಿದುಕೊಂಡ. "ಸರೀರಿ ಆ ಕಡಿ. ನಿಮ್ಮ ಕೈಲಿ ಮುಂದಿನ ಸೋಮವಾರಕ್ಕ ಆಗತದ." ಅರ್ಧ ತಾಸಿನಲ್ಲಿ ಕಲ್ಲು ವಾಲಿತು. ಮೂವರೂ ಹೆಗಲು ಕೊಟ್ಟು ಉರುಳಿಸಿದೆವು. ನಾನು ಗಾಡಿಯನ್ನು ಮನೆಗೆ ಒಯ್ದು, ಅತ್ತಿಗೆಯನ್ನು ದಿಂಬುಗಳ ನಡುವೆ ಒರಗಿಸಿಕೊಂಡು ಹೊರಟೆ. ಗಾಡಿ ಒಮ್ಮೆಯೂ ಜಾರಲಿಲ್ಲ. ಹತ್ತು ಗಂಟೆಗೆ ಅತ್ತಿಗೆ ಯಂತ್ರದಲ್ಲಿದ್ದಳು. ಡಾಕ್ಟರು ಗಡಿಯಾರ ನೋಡಿದರು.

ಮರುದಿನ ಕಲ್ಲನ್ನು ಮತ್ತೆ ನಿಲ್ಲಿಸಬೇಕೆಂದು ಅಣ್ಣ ಹೊರಟ. ಆದರೆ ಗುರುವಾರ ಮತ್ತೆ ಕೀಳಬೇಕು. ಇನ್ನೊಂದು ಗೇಣು ಅಗಲಿಸಿ ನಿಲ್ಲಿಸೋಣವೆಂದರೆ ಊರವರು ನಕ್ಕರು: ಸಣ್ಣ ಲಾರಿಗಳು ಈಗ ಅಷ್ಟೇ ಅಗಲದವು ಬರುತ್ತವೆ. ನಿಮ್ಮ ಗಾಡಿ ಹೋಗಬಹುದು, ನಮ್ಮ ಭತ್ತ ಹೋಗಬಾರದೆ ಎಂದು ಒಬ್ಬರು ಕೇಳಿದರು. ಕಲ್ಲು ಉರುಳಿದಲ್ಲೇ ಉಳಿಯಿತು. ಸುಗ್ಗಿಗೆ ಮೊದಲ ಲಾರಿ ಬಂತು. ಪಕ್ಕದ ಹೊಲದವನದೇ. ಅವನು ಅಣ್ಣನ ಮುಂದೆ ನಿಲ್ಲಿಸಿ, "ಹೋಗ್ಲೇನ್ರಿ ಕಾಕಾ?" ಎಂದು ಕೇಳಿದ. ಅಣ್ಣ ಪಕ್ಕಕ್ಕೆ ಸರಿದ.

ಆ ವರ್ಷವೇ ದಂಡೆ ಕೆಳಗಿನ ಓಣಿಯ ನೇರಕ್ಕೆ ಒಂದು ಕಡೆ ಕುಸಿಯತೊಡಗಿತು. ಓಣಿಯ ಗೋಡೆಗಳಲ್ಲಿ ತೇವ ಕಾಣಿಸಿಕೊಂಡಿತು. ಅಣ್ಣ ದಿನಾಲೂ ಮುಂಜಾನೆ ಬುಟ್ಟಿಯಲ್ಲಿ ಗರಸು ಮಣ್ಣು ಹೊತ್ತು ತಂದು ಅಲ್ಲಿ ಸುರಿದು, ತುಳಿದು, ಗಟ್ಟಿ ಮಾಡುತ್ತಾನೆ. ಅವನಿಗೆ ಈಗ ಎಪ್ಪತ್ತರ ಮೇಲೆ. ಯಾರೂ ಅವನಿಗೆ ಹೇಳಿಲ್ಲ, ಯಾರೂ ಬೇಡವೆಂದೂ ಇಲ್ಲ.

ಕಳೆದ ಸೋಮವಾರ ನಾವು ಅಲ್ಲಿ ಹಾಯುವಾಗ ಅವನು ಬುಟ್ಟಿ ಹಿಡಿದು ನಮಗೆ ದಾರಿ ಕೊಡಲು ಕೆಸರಿಗಿಳಿದು ನಿಂತ. ಹಿಂದೆ ಮಲಗಿದ್ದ ಅತ್ತಿಗೆ ಗೋಣು ಎತ್ತಿ ನೋಡಿದಳು.

"ಸಾವಕಾಶ ನಡಸು. ದಂಡಿ ಕುಸ್ಯಾಕತ್ತದ" ಎಂದಳು.

"ತಡಾ ಆಗತದ ಯವ್ವಾ. ಯಂತ್ರ ಬ್ಯಾರೇದವರಿಗೆ ಕೊಡತಾರ."

"ಕೆಳಗಿನ ಓಣ್ಯಾಗ ಕೂಸುಗೋಳು ಅದಾವ" ಎಂದು ಅತ್ತಿಗೆ ಕಣ್ಣು ಮುಚ್ಚಿದಳು.

ನಾನು ಗೇರು ಇಳಿಸಿದೆ.