ತೊಳೆದು ತೊಳೆದು ಕೆಟ್ಟ ಗೊರಸು

ಸಂತೇಬೆನ್ನೂರಿನಲ್ಲಿ ನಮ್ಮ ಪಕ್ಕದ ತೋಟದ ಮಲ್ಲಿಕಾರ್ಜುನಪ್ಪನವರು ತಮ್ಮ ಮದುವೆ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಬಂದವರು. ಕುದುರೆಯೇ ಬೇಕೆಂದು ಹಟ ಹಿಡಿದಿದ್ದರಂತೆ, ಅವರಪ್ಪ ಬೈದು ಕೂರಿಸಿದರಂತೆ. ಆ ಉರಿ ಆರಲು ಮೂವತ್ತೈದು ವರ್ಷ ಹಿಡಿಯಿತು. ಅರವತ್ತು ದಾಟಿದ ಮೇಲೆ ಜಗಳೂರಿನ ಕಡೆಯ ಕೆಂಪಕ್ಕನಿಂದ ಒಂದು ಹೆಣ್ಣು ಕುದುರೆ ತಂದು ರಾಣಿ ಎಂದು ಹೆಸರಿಟ್ಟರು. ಹತ್ತಲು ಸೊಂಟ ಬಿಡಲಿಲ್ಲ. ಬರೀ ಮುದ್ದು ಮಾಡಿದರು.

ಕೊಳ್ಳುವ ದಿನ ಕೆಂಪಕ್ಕನ ಹೊಲದ ಕಲ್ಲು ನೋಡಿ ಮೂಗು ಮುರಿದಿದ್ದರು.

“ಏನಕ್ಕ, ಈ ಕಲ್ಲಾಗೆ ಹೆಂಗೆ ಸಾಕಿದ್ರಿ? ನಮ್ ತೋಟದಾಗೆ ಬರೀ ತಂಪು!”

“ಆತು ಬಿಡ್ರಿ” ಎಂದಿದ್ದಳು ಕೆಂಪಕ್ಕ.

ಮನೆಯೂ ಕೊಟ್ಟಿಗೆಯೂ ಅಡಿಕೆ ತೋಟದ ನಡುವೆ. ನೆಲ ವರ್ಷವಿಡೀ ಒದ್ದೆ. ಅದು ಸಾಲದೆಂದು ಇವರು ದಿನಕ್ಕೆ ಮೂರು ಸಲ ರಾಣಿಯ ಕಾಲು ತೊಳೆದರು.

“ಜಂಗಮರು ಮನೀಗೆ ಬಂದಾಗ್ಲೂ ಇಷ್ಟು ಪಾದ ತೊಳ್ದಿಲ್ಲ ನೀವು” ಎಂದರು ಹೆಂಡತಿ ಸಿದ್ದಲಿಂಗಮ್ಮ.

ಕುದುರೆ ಕಂಡರೆ ಕಾಲುನೋವು ಅನ್ನುತ್ತಾರೆ. ಇಲ್ಲಿ ಕಾಲುನೋವು ಬಂದದ್ದು ಕುದುರೆಗೇ. ಗೊರಸು ಮೆತ್ತಗಾಗಿ, ಅಂಚು ಒಡೆದು, ರಾಣಿ ಕುಂಟತೊಡಗಿತು. ಲಾಳ ಕಟ್ಟುವವನು ಬಂದು, ಮೊಳೆ ನಿಲ್ಲುವುದಿಲ್ಲವೆಂದು ಹೊರಟುಹೋದ. ಮಲ್ಲಿಕಾರ್ಜುನಪ್ಪನವರಿಗೆ ಗೊತ್ತಿರುವ ಔಷಧಿ ಒಂದೇ, ಅಡಿಕೆ ಬೇಯಿಸಿ ಉಳಿದ ಕೆಂಪು ನೀರು, ಚೊಗರು. ಅಡಿಕೆಗೆ ಬಣ್ಣ ಕೊಡುವುದು ಗೊರಸಿಗೆ ಬಲ ಕೊಡದೇ ಎಂದು ಬಳಿದರು. ನಾಲ್ಕೂ ಗೊರಸು ಒಳ್ಳೆಯ ರಾಶಿ ಅಡಿಕೆಯಂತೆ ಕೆಂಪಗೆ ಮಿರುಗಿದವು. ಕುಂಟು ಹಾಗೇ ಇತ್ತು. ಒಂದು ಬೆಳಿಗ್ಗೆ ರಾಣಿಗೆ ಮಲಗಿದಲ್ಲಿಂದ ಏಳಲಾಗಲಿಲ್ಲ.

ಪಶುವೈದ್ಯೆ ರೂಪಶ್ರೀ ಗೊರಸಿನ ಕೊಳೆತ ಭಾಗ ಕೆತ್ತಿ ತೆಗೆದು, ಕೈ ಮೂಸಿ ಮುಖ ಕಿವುಚಿದರು.

“ತೊಳ್ದು ತೊಳ್ದು ಕೊಳೆಸೀರಿ ಯಜಮಾನ್ರೆ. ಒಣ ನೆಲದಾಗೆ ಕಟ್ರಿ. ಇಲ್ಲೇ ಇಟ್ರೆ ಉಳಿಯಾಕಿಲ್ಲ.”

ಅಂದು ಮಲ್ಲಿಕಾರ್ಜುನಪ್ಪನವರು ಊಟ ಬಿಟ್ಟರು. ಮರುದಿನ ನಾವು ನಾಲ್ಕು ಜನ ಸೇರಿ ರಾಣಿಯನ್ನು ಎಬ್ಬಿಸಿ ಟೆಂಪೋ ಹತ್ತಿಸಿದೆವು. ಮೂಗು ಮುರಿದಿದ್ದ ಹೊಲಕ್ಕೇ ಹೋಗಿ ಮಲ್ಲಿಕಾರ್ಜುನಪ್ಪನವರು ಕೈ ಮುಗಿದರು. ಕೆಂಪಕ್ಕ ಹಗ್ಗ ಹಿಡಿದುಕೊಂಡು ರಾಣಿಯನ್ನು ಗೂಟದ ಕಡೆ ನಡೆಸಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ವಾಪಸು ಬರುವ ದಾರಿಯುದ್ದಕ್ಕೂ ಇವರು ಗೊಣಗಿದರು.

ಆರು ತಿಂಗಳಿಗೆ ಹೊಸ ಗೊರಸು ಇಳಿಯಿತು. ಕರೆತರಲು ಅದೇ ಟೆಂಪೋದಲ್ಲಿ ಹೋದೆವು. ರಾಣಿ ಕಲ್ಲಿನ ಮೇಲೆ ಟಕಟಕ ಓಡಿಬಂದು ಇವರ ಹೆಗಲಿಗೆ ಮೂತಿ ಇಟ್ಟಿತು. ಯಜಮಾನರು ನಿಂತಲ್ಲೇ ಅತ್ತರು.

ಕೆಂಪಕ್ಕ ಹಗ್ಗ ಕೊಟ್ಟಳು. “ಕರ್ಕಂಡು ಹೋಗ್ರಿ, ನಿಮ್ದೇ ಐತೆ.”

“ನಮ್ ತೋಟದಾಗೆ ಮತ್ತೆ ಹಂಗೇ ಆಗ್ತೈತಾ ಅಕ್ಕ?”

“ನೆಲ ಅದೇ ಅಲ್ಲೇನ್ರಿ?”

ಮಲ್ಲಿಕಾರ್ಜುನಪ್ಪನವರು ಬಗ್ಗಿ ನಾಲ್ಕೂ ಗೊರಸನ್ನು ಒಂದೊಂದಾಗಿ ಎತ್ತಿ ನೋಡಿದರು, ಬೆರಳಿನಿಂದ ಬಡಿದು ನೋಡಿದರು. ಆಮೇಲೆ ಹಗ್ಗವನ್ನು ತಾವೇ ಕೆಂಪಕ್ಕನ ಗೂಟಕ್ಕೆ ಬಿಗಿಯಾಗಿ ಕಟ್ಟಿ, ಟೆಂಪೋ ಹತ್ತಿ ಕೂತರು.

“ಬೇಗ ಬಿಡಪ್ಪ ಗಾಡಿ” ಎಂದರು ಡ್ರೈವರಿಗೆ. “ಅದು ಹಿಂದೆ ಬಂದ್ರೆ ನನ್ ಕೈಲಿ ಆಗಾಕಿಲ್ಲ.”