ಪಡುವಣ ಕಿಟಕಿಯ ಪರದೆ

ಆ ಭಾನುವಾರ ಬೆಳಿಗ್ಗೆಯೂ ನಾನು ಅಕ್ಕನಿಗೆ ಏಳು ಸೂಜಿಗಳಿಗೆ ನೂಲು ಹಾಕಿಕೊಟ್ಟೆ. ಅವಳಿಗೆ ದೂರದ್ದೆಲ್ಲ ಚೆನ್ನಾಗಿ ಕಾಣುತ್ತಿತ್ತು. ಬಾವಿಕಟ್ಟೆಯಲ್ಲಿ ನಿಂತು, ಕುಲಶೇಖರದ ಏರು ಹತ್ತಿ ಬರುತ್ತಿರುವವರು ಯಾರೆಂದು ಹೆಸರು ಹಿಡಿದು ಹೇಳುತ್ತಿದ್ದಳು. ಕೈಯಲ್ಲಿರುವುದು ಮಾತ್ರ ಮಂಜು. ಹೊಲಿಯಲಿಕ್ಕೆ ಬೆರಳು ಸಾಕು, ನೂಲು ಹಾಕಲಿಕ್ಕೆ ಕಣ್ಣು ಬೇಕು ಎನ್ನುತ್ತಿದ್ದಳು. ಹಾಗಾಗಿ ದಿನಾ ಆಫೀಸಿಗೆ ಹೊರಡುವ ಮೊದಲು ಏಳು ಸೂಜಿಗಳನ್ನು ಸಿದ್ಧಮಾಡಿ ಕೊಡುವುದು ನನ್ನ ಕೆಲಸ. ಅವಳು ಅವನ್ನು ಹೊಲಿಯುತ್ತಿರುವ ಬಟ್ಟೆಯ ಅಂಚಿಗೇ ಸಾಲಾಗಿ ಚುಚ್ಚಿಕೊಳ್ಳುತ್ತಿದ್ದಳು. ನೂಲು ಮುಗಿದ ಸೂಜಿಗಳು ಬುಟ್ಟಿಗೆ ಹಿಂದಿರುಗುತ್ತಿದ್ದವು. ಸಂಜೆ ಬಂದು ಬುಟ್ಟಿ ನೋಡಿದರೆ ಅವಳ ದಿನ ಹೇಗೆ ಹೋಯಿತೆಂದು ನನಗೆ ತಿಳಿಯುತ್ತಿತ್ತು. ಏಳೂ ಖಾಲಿಯಾಗಿದ್ದರೆ ಒಳ್ಳೆಯ ದಿನ. ಎರಡೋ ಮೂರೋ ಆಗಿದ್ದರೆ ತಲೆನೋವು, ಇಲ್ಲವೆ ಯಾರೋ ಬಂದು ಮಾತಿಗೆ ಕೂತಿದ್ದರು.

ಭಾನುವಾರ ನನಗೆ ಆಫೀಸಿಲ್ಲ, ಸೂಜಿಗಳಿಗೆ ರಜೆಯಿಲ್ಲ.

"ಏಳು ಆಯ್ತಾ?" ಎಂದಳು.

"ಆಯ್ತು."

"ಎಣಿಸಿದ್ದೀಯಾ? ಮೊನ್ನೆ ಆರೇ ಇತ್ತು."

"ಕಣ್ಣಿಗೆ ಕಾಣದ್ದು ನಿನಗೆ ಹೇಗೆ ಗೊತ್ತಾಯ್ತು?"

"ಬೆರಳಿಗೆ ಗೊತ್ತಾಯ್ತು ಮಾರಾಯ. ಆಫೀಸಿನಲ್ಲಿಯೂ ನೀನು ಹೀಗೆಯೇ ಎಂತ? ಸಾವಿರ ಹಂಚು ಅಂತ ಬರೆದು ಒಂಬೈನೂರು ಕಳಿಸುವುದಾ?"

ನಾನು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಅವಳ ತಮಾಷೆಗಳೆಲ್ಲ ಕಡೆಗೆ ಹಂಚಿನ ಮೇಲೆಯೇ ಬಂದು ನಿಲ್ಲುತ್ತಿದ್ದವು. ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುವಾಗ ಅವಳ ದನಿ ಅಷ್ಟರ ಮಟ್ಟಿಗೆ ಕಡಿಮೆಯಾಗಿದೆ ಎಂದು ತಿಳಿದುಕೊಳ್ಳಿ. ಆ ದಿನ ಮಧ್ಯಾಹ್ನ ಬಂಗುಡೆ ಸಾರು ಇತ್ತು. ನಾನು ಮಲಗಿ ಎದ್ದೆ. ಅವಳು ಜಗಲಿಯಲ್ಲಿ ಕೂತು ಹೊಲಿದಳು, ಸಂಜೆ ಕೆಲಸವನ್ನು ಗಂಟು ಕಟ್ಟಿ ಬೆಂಚಿನ ಮೇಲಿಟ್ಟಳು. ಬೇರೇನೂ ನಡೆಯಲಿಲ್ಲ. ಸೋಮವಾರ ಬೆಳಿಗ್ಗೆ ಸೂಜಿ ಬೇಡ ಎಂದಳು, ನಾನು ಆಫೀಸಿನಿಂದ ಬಂದಾಗ ಅವಳಿಗೆ ಜ್ವರ ಬಂದಿತ್ತು.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ಗುಂಡಿ. ಇವತ್ತು ಬೆಳಿಗ್ಗೆ ಅಂಗಿ ಹಾಕಿಕೊಳ್ಳುವಾಗ ಅದು ಕಳಚಿ ಕೈಗೆ ಬಂತು. ಬೇರೆ ಅಂಗಿ ಒಗೆಯಲು ಹೋಗಿದೆ. ಹಾಗಾಗಿ ಅಕ್ಕನ ಹೊಲಿಗೆ ಬುಟ್ಟಿಯನ್ನು ಕೆಳಗಿಳಿಸಿದೆ. ಮುಚ್ಚಿದ ಬಟ್ಟೆ ತೆಗೆದೊಡನೆ ಅದೇ ವಾಸನೆ: ಕರ್ಪೂರ, ಅಂಟುವಾಳ, ಹಳೆಯ ಉಣ್ಣೆಯ ಬನಾತು.

ಬುಟ್ಟಿ ಎಂದೆನಲ್ಲ, ಅದು ಬುಟ್ಟಿಯಲ್ಲ. ಯಾವನೋ ಇಂಗ್ಲಿಷ್ ದೊರೆಯ ಬಿಸಿಲ ಹ್ಯಾಟು. ಅಕ್ಕ ಅದನ್ನು ತಲೆಕೆಳಗು ಮಾಡಿ, ಒಳಗೆ ಛೀಟು ಬಟ್ಟೆಯ ತುಂಡು ಹೊಲಿದು, ಗಲ್ಲಕ್ಕೆ ಬಿಗಿಯುವ ಪಟ್ಟಿಯನ್ನೇ ಹಿಡಿಕೆ ಮಾಡಿದ್ದಳು. ಒಂದು ಕಾಲದಲ್ಲಿ ಈ ಹ್ಯಾಟು ಕಂಡರೆ ಜನ ಎದ್ದು ನಿಲ್ಲುತ್ತಿದ್ದರು. ಅದನ್ನು ಹೀಗೆ ಅಂಗಾತ ಮಲಗಿಸಿ ನೂಲುಂಡೆ ತುಂಬಿದ್ದು ನಮ್ಮ ಮನೆಯಲ್ಲಿ ಮಾತ್ರ.

ನಮ್ಮದು ಇಬ್ಬರ ಮನೆ. ಅಕ್ಕನ ಗಂಡ ಮದುವೆಯಾಗಿ ಎರಡನೆಯ ವರ್ಷವೇ ತೀರಿಕೊಂಡರು, ನನಗೆ ಮದುವೆ ಕೂಡಿ ಬರಲಿಲ್ಲ. ನನಗೆ ಕೆಲಸ ಸಿಕ್ಕಾಗ ಅವಳೇ ಹೊರಟು ಬಂದಳು. ಬಾಡಿಗೆಯ ಮನೆ, ಮೂರು ಕಿಟಕಿ, ಸುಣ್ಣ ಕಾಣದ ಗೋಡೆ. ಮೊದಲ ದಿನ ಸುತ್ತಲೂ ನೋಡಿ, "ಇದು ಮನೆಯಲ್ಲ, ನಿನ್ನ ಗೋಡೌನು" ಎಂದಳು.

ಆಗ ತಮ್ಮ ಸೀಮೆಗೆ ಹಿಂದಿರುಗುವ ದೊರೆಗಳ ಸಾಮಾನು ಮಂಗಳೂರಿನ ಹಂಪನಕಟ್ಟೆಯ ಕಡೆ ಏಲಂ ಆಗುತ್ತಿತ್ತು. ಕುರ್ಚಿ, ಗಡಿಯಾರ, ಪಿಂಗಾಣಿಗಳಿಗೆ ಜನ ಮುಗಿಬೀಳುತ್ತಿದ್ದರು. ಕೊನೆಯಲ್ಲಿ ಉಳಿಯುವ ಹರಕು ಪರದೆ, ಹಾಸುಗಳ ಗಂಟನ್ನು ಕೇಳುವವರಿಲ್ಲ. ಅಕ್ಕನ ಕಣ್ಣು ಅದರ ಮೇಲೆ. ಆದರೆ ಗಂಡಸರ ಗುಂಪಿನಲ್ಲಿ ನಿಂತು ಕೂಗಲು ಅವಳಿಗೆ ನಾಚಿಕೆ. ಅದಕ್ಕೆ ಒಂದು ಉಪಾಯ ಮಾಡಿದಳು. ಅವಳು ರಸ್ತೆಯಾಚೆ ಮರದಡಿ ನಿಲ್ಲುವುದು. ಕೊಡೆ ಬಿಡಿಸಿದ್ದರೆ ನಾನು ಕೂಗುತ್ತಾ ಹೋಗಬೇಕು, ಮಡಚಿದರೆ ಬಾಯಿ ಮುಚ್ಚಬೇಕು.

ಎರಡು ಮೂರು ಸಲ ಇದು ಚೆನ್ನಾಗಿಯೇ ನಡೆಯಿತು. ನಾಲ್ಕನೆಯ ಸಲ, ನಾವಿಬ್ಬರೂ ಲೆಕ್ಕಕ್ಕೆ ಹಿಡಿಯದ ಒಂದು ಸಂಗತಿ ನಡೆಯಿತು. ಮಳೆ ಬಂತು. ಮಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಮಳೆಯ ಯೋಚನೆ ಬಾರದೆ ಹೋದದ್ದು ಹೇಗೆಂದು ನನಗೆ ಇಂದಿಗೂ ತಿಳಿದಿಲ್ಲ. ತಿರುಗಿ ನೋಡುತ್ತೇನೆ, ಕೊಡೆ ಬಿಡಿಸಿದೆ. ಕೂಗಿದೆ. ಮತ್ತೆ ನೋಡಿದೆ, ಇನ್ನೂ ಬಿಡಿಸಿದೆ. ಮತ್ತೆ ಕೂಗಿದೆ. ಎದುರಾಳಿಯು ನನ್ನನ್ನು ಕನಿಕರದಿಂದ ನೋಡಿ ಹಿಂದೆ ಸರಿದ. ನನ್ನ ಪಾಲಿಗೆ ಬಂದದ್ದು ಬಿಲಿಯರ್ಡ್ಸ್ ಮೇಜಿನ ಹಸುರು ಬನಾತು, ಒಂದು ಕೋಣೆಯಷ್ಟು ದೊಡ್ಡದು, ತುಂಬಾ ಹುಳ ಹೊಡೆದ ತೂತು.

"ಇದೆಂತದು?" ಎಂದಳು ಅಕ್ಕ.

"ನೀನು ಕೊಡೆ ಬಿಡಿಸಿದ್ದಿ."

"ಮಳೆಗೆ ಕೊಡೆ ಬಿಡಿಸದೆ ಮಡಚುವುದಾ?"

ಕುಲಶೇಖರದವರೆಗೂ ಆ ಗಂಟನ್ನು ನಾನು ತಲೆಯ ಮೇಲೆ ಹೊತ್ತೆ. ಅಕ್ಕ ದಾರಿಯುದ್ದಕ್ಕೂ ನಗುವುದು, ಬೈಯುವುದು, ಮತ್ತೆ ನಗುವುದು. ಆದರೆ ಒಂದು ತಿಂಗಳಿನಲ್ಲಿ ಆ ಬನಾತು ಕುರ್ಚಿಗಳಿಗೆ ಹಾಸಾಯಿತು. ಉಳಿದದ್ದರಲ್ಲಿ ಒಂದೊಂದು ತೂತಿನ ಸುತ್ತ ಒಂದೊಂದು ಗಿಳಿಯನ್ನು ಕತ್ತರಿಸಿ, ಗೋಣಿಯ ಮೇಲೆ ಹೊಲಿದು, ಗೋಡೆಗೆ ತೂಗುಹಾಕಿದಳು. ಹುಳ ತಿಂದ ತೂತು ಗಿಳಿಯ ಕಣ್ಣಾಯಿತು, ಅದರಲ್ಲಿ ಒಂದು ಕರಿಮಣಿ ಕುಳಿತಿತು. ಹನ್ನೊಂದು ಗಿಳಿಗಳು ಇವತ್ತಿಗೂ ನನ್ನನ್ನು ನೋಡುತ್ತಿವೆ.

ಪಕ್ಕದ ಮನೆಯ ರೊಜಿನಾಬಾಯಿ ಬಂದಾಗಲೆಲ್ಲ ಒಂದು ಸುತ್ತು ಹಾಕಿ, "ಯಾವ ದೊರೆ ಊರು ಬಿಟ್ಟ ಅಂತ ತಿಳಿಯಲಿಕ್ಕೆ ಪೇಪರು ಬೇಡ, ನಿಮ್ಮ ಮನೆ ನೋಡಿದರೆ ಸಾಕು" ಎನ್ನುತ್ತಿದ್ದರು.

"ಗವರ್ನರು ಯಾವಾಗ ಹೋಗ್ತಾರೆ ಕೇಳಿ ಹೇಳಿ ಬಾಯಿ, ಒಂದು ಮಂಚದ ಹಾಸು ಬೇಕಿತ್ತು" ಎನ್ನುವಳು ಅಕ್ಕ.

ಏಲಮಿನ ಬಟ್ಟೆಗೆ ಅವಳು ಒಮ್ಮೆಲೇ ಕತ್ತರಿ ಹಾಕುತ್ತಿರಲಿಲ್ಲ. ಮೊದಲು ಹಳೆಯ ಹೊಲಿಗೆಯನ್ನೆಲ್ಲ ಒಂದೊಂದಾಗಿ ಬಿಚ್ಚಿ, ಆ ನೂಲನ್ನು ಗರಟೆಯ ಚೂರಿಗೆ ಸುತ್ತುತ್ತಿದ್ದಳು. ಅಂಟುವಾಳದ ನೀರಿನಲ್ಲಿ ಒಗೆದು ಒಣಗಿಸುತ್ತಿದ್ದಳು. ಆಮೇಲೆ ಒಳಮೈ ಹೊರಗೆ ಬರುವಂತೆ ತಿರುವಿ ಹೊಲಿಯುತ್ತಿದ್ದಳು. "ಬಿಸಿಲು ತಿಂದದ್ದು ಹೊರಗೆ ಮಾತ್ರ. ಒಳಗೆ ಬಣ್ಣ ಹಾಗೆಯೇ ಉಂಟು ನೋಡು." ಈಗ ಯುದ್ಧದಿಂದಾಗಿ ಬಟ್ಟೆಗೆ ಕಂಟ್ರೋಲು ಬಂದ ಮೇಲೆ ಊರಿನವರೆಲ್ಲ ಅಂಗಿ ತಿರುವಿ ಹೊಲಿಸುತ್ತಿದ್ದಾರೆ. ಅಕ್ಕ ಅದನ್ನು ನೋಡಲಿಲ್ಲ.

ಎರಡು ಕಿಟಕಿಗಳಿಗೆ ಪರದೆಯಾಯಿತು. ಪಡುವಣದ್ದು ಉಳಿಯಿತು. ಆಫೀಸಿನಿಂದ ಬಂದು ನಾನು ಕೂರುವುದು ಆ ಕಿಟಕಿಯ ಎದುರು. ಸಂಜೆಯ ಬಿಸಿಲು ನೇರ ಮುಖಕ್ಕೆ ಬರುತ್ತದೆ. ಒಂದು ದಿನ, "ಊರಿಗೆಲ್ಲ ಪರದೆ ಆಯ್ತು, ನನ್ನ ಕಣ್ಣು ಮಾತ್ರ ಬೆಂದರೂ ಆದೀತು" ಎಂದೆ. ತಮಾಷೆಗೆ ಹೇಳಿದ್ದು. ಅವಳು ನಗಲಿಲ್ಲ. ಆ ಕಿಟಕಿಗೆ ದಪ್ಪ ಬಟ್ಟೆಯೇ ಬೇಕೆಂದು ಎಷ್ಟೋ ಏಲಂ ಕಾದಳು. ಕಡೆಗೆ ಒಬ್ಬ ದೊರೆಸಾನಿಯ ಊಟದ ಕೋಣೆಯ ಪರದೆ ಸಿಕ್ಕಿತು. ಹೊರಗೆ ಬೂದಿಯ ಬಣ್ಣ. ಬಿಚ್ಚಿ ನೋಡಿದರೆ ಒಳಗೆ ಮಾಗಿದ ಪುನರ್ಪುಳಿ ಹಣ್ಣಿನ ಕೆಂಪು. ಅಕ್ಕ ಅದನ್ನು ಕೆನ್ನೆಗೆ ಒತ್ತಿಕೊಂಡು, "ಇದು ನಿನ್ನ ಕಿಟಕಿಗೆ" ಎಂದಳು. ಆ ಭಾನುವಾರ ಜಗಲಿಯಲ್ಲಿ ಹೊಲಿಯುತ್ತಿದ್ದುದು ಅದನ್ನೇ.

ಜ್ವರ ಇಳಿಯಲಿಲ್ಲ. ಒಂಬತ್ತನೆಯ ದಿನ ಅಕ್ಕ ಹೋದಳು.

ಬೊಜ್ಜದ ದಿನ, ಎಂದರೆ ಉತ್ತರಕ್ರಿಯೆಯ ದಿನ, ಬಜಪೆಯಿಂದ ದೊಡ್ಡಮ್ಮ ಬಂದು ಎಲ್ಲ ನಡೆಸಿದರು. ತೀರಿಕೊಂಡವರ ಬಟ್ಟೆ ಮನೆಯಲ್ಲಿ ಉಳಿಯಬಾರದು, ಅದು ಮಡಿವಾಳರಿಗೆ ಸಲ್ಲಬೇಕು. ನಮ್ಮ ಬಟ್ಟೆ ಒಗೆಯುತ್ತಿದ್ದ ಅಪ್ಪಿಯಕ್ಕ ಅಂಗಳದಲ್ಲಿ ಕಾಯುತ್ತಿದ್ದಳು.

"ಅವಳದ್ದು ಎಂತೆಲ್ಲ ಉಂಟು, ತೋರಿಸು ಮಗಾ" ಎಂದರು ದೊಡ್ಡಮ್ಮ.

ಗೂಟದಲ್ಲಿದ್ದ ಎರಡು ಸೀರೆಗಳನ್ನು ತೋರಿಸಿದೆ. ಬೆಂಚಿನ ಮೇಲೆ ಅವಳ ಹಳೆಯ ಸೀರೆಯಲ್ಲಿ ಕಟ್ಟಿದ ಒಂದು ಗಂಟಿತ್ತು. ಅದನ್ನೂ ಕೈ ಮಾಡಿ ತೋರಿಸಿ, "ಅದೂ ಅವಳದ್ದೇ" ಎಂದೆ. ಬಿಚ್ಚಿ ನೋಡಲಿಲ್ಲ. ಮುಗಿಯದ ಕೆಲಸವನ್ನು ಅವಳು ಯಾವಾಗಲೂ ತನ್ನ ಹಳೆಯ ಸೀರೆಯಲ್ಲಿಯೇ ಕಟ್ಟಿಡುತ್ತಿದ್ದಳೆಂದು ನನಗಿಂತ ಚೆನ್ನಾಗಿ ತಿಳಿದವರು ಇನ್ನೊಬ್ಬರಿರಲಿಲ್ಲ.

ಮತ್ತೆ ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ, ಕಾಫಿ ಕುಡಿದು, ಅಭ್ಯಾಸದಿಂದ ಹ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನೂಲು ಕಚ್ಚಿ ತುಂಡು ಮಾಡಿದ ಮೇಲೆಯೇ ಎಚ್ಚರವಾದದ್ದು. ಹ್ಯಾಟಿನಲ್ಲಿದ್ದುದು ಎರಡೇ ಸೂಜಿ. ಉಳಿದ ಐದು ಎಲ್ಲಿ ಎಂದು ಹುಡುಕಿದೆ. ಐದು ಪರದೆಯಲ್ಲಿವೆ. ಪರದೆ ಗಂಟಿನಲ್ಲಿದೆ. ಗಂಟು?

ಆ ದಿನ ಆಫೀಸಿಗೆ ಹೋಗಲಿಲ್ಲ. ನೇರ ಅಪ್ಪಿಯಕ್ಕನ ಮನೆಗೆ ನಡೆದೆ. ಕೊಟ್ಟದ್ದನ್ನು, ಅದರಲ್ಲೂ ಸತ್ತವರ ಹೆಸರಿನಲ್ಲಿ ಕೊಟ್ಟದ್ದನ್ನು, ಹಿಂದಕ್ಕೆ ಕೇಳುವುದು ಎಲ್ಲಿಯೂ ಇಲ್ಲ. ದಾರಿಯಲ್ಲಿ ಮಾತು ಜೋಡಿಸಿಕೊಂಡೆ: ಬದಲಿಗೆ ಹೊಸ ಬಟ್ಟೆ ಕೊಡುತ್ತೇನೆ, ಏನು ಬೇಕಾದರೂ ಕೊಡುತ್ತೇನೆ, ಅದೊಂದನ್ನು ಕೊಡು.

ಅವಳ ಮನೆಯ ಜಗಲಿಯ ಸೂರಿನ ಪಕ್ಕಾಸಿಗೆ ತೊಟ್ಟಿಲು ಕಟ್ಟಿತ್ತು. ತೊಟ್ಟಿಲಿನ ಬಟ್ಟೆ ಹೊರಗೆ ಬೂದಿಯ ಬಣ್ಣ. ಬಗ್ಗಿ ನೋಡಿದೆ. ಒಳಗೆ ಪುನರ್ಪುಳಿಯ ಕೆಂಪಿನ ನಡುವೆ ಒಂದು ಹೆಣ್ಣು ಮಗು, ಇಪ್ಪತ್ತು ದಿನದ್ದಿರಬೇಕು, ಕಣ್ಣು ಬಿಟ್ಟುಕೊಂಡು ಮಲಗಿತ್ತು. ಅಂಚಿನಲ್ಲಿ ಅಕ್ಕನ ಹೊಲಿಗೆ ಒಂದು ಮೊಳ ಬಂದು ನಿಂತಿತ್ತು.

"ಮಗಳ ಮಗು ಅಣ್ಣೆರೇ. ಗಟ್ಟಿ ಬಟ್ಟೆ, ಭಾರ ತಡೆಯುತ್ತದೆ" ಎಂದಳು ಅಪ್ಪಿಯಕ್ಕ.

"ತಿರುವಿ ಕಟ್ಟಿದ್ದೀ. ಚಂದದ ಮಗ್ಗುಲು ಒಳಗೆ ಹೋಗಿದೆ" ಎಂದೆ.

"ಮಗು ಇರುವುದು ಒಳಗಲ್ಲವಾ?" ಎಂದಳು. ಆಮೇಲೆ ನನ್ನ ಮುಖ ನೋಡಿದಳು. "ಅದು ಬೇಕಿತ್ತಾ ನಿಮಗೆ? ಬೇಕಾದರೆ ಈಗಲೇ ಬಿಚ್ಚಿ ಕೊಡ್ತೇನೆ. ಮಗುವಿಗೆ ನನ್ನ ಸೀರೆ ಸಾಕು."

ಅವಳ ಕೈ ತೊಟ್ಟಿಲಿನ ಗಂಟಿನ ಮೇಲೆ ಹೋಗಿತ್ತು. ಮಗು ಕೆಂಪನ್ನೇ ನೋಡುತ್ತಿತ್ತು.

"ಬೇಡ," ಎಂದೆ. "ಸೂಜಿಗಳಿದ್ದವು. ಮಗುವಿಗೆ ಚುಚ್ಚೀತೆಂದು ಹೇಳಲಿಕ್ಕೆ ಬಂದೆ."

"ಅಯ್ಯೋ, ಅದು ಅವತ್ತೇ ತೆಗೆದಿಟ್ಟೆ. ನಿಮ್ಮ ಅಕ್ಕನ ಸೂಜಿ ನಾನು ಬಿಸಾಡ್ತೇನಾ?" ಒಳಗಿನಿಂದ ಒಂದು ಚಿಂದಿ ತಂದು ಕೊಟ್ಟಳು. ಅದರಲ್ಲಿ ಐದು ಸೂಜಿಗಳು. ಐದರಲ್ಲಿಯೂ ನಾನು ಹಾಕಿದ ಕೆಂಪು ನೂಲು.

ಅದಾಗಿ ಎಂಟು ವರ್ಷ. ಆ ಮಗು ಈಗ ಶಾಲೆಗೆ ಹೋಗುತ್ತಿದೆ. ಇವತ್ತು ಗುಂಡಿ ಹಿಡಿದು ಕೂತು, ಖಾಲಿ ಸೂಜಿಯೊಂದಕ್ಕೆ ಬಿಳಿ ನೂಲು ಹಾಕಲು ಹೋದೆ. ಒದ್ದೆ ಮಾಡಿದೆ, ಹೊಸೆದೆ, ಬೆಳಕಿಗೆ ಹಿಡಿದೆ, ದೂರ ಹಿಡಿದೆ. ಸೂಜಿಯ ತೂತು ಕಾಣಲೇ ಇಲ್ಲ. ನನಗೂ ಹತ್ತಿರದ್ದೆಲ್ಲ ಮಂಜಾಗಿದೆ. ರೊಜಿನಾಬಾಯಿಯವರನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಆ ಚಿಂದಿಯನ್ನು ಬಿಚ್ಚಿ, ಐದರಲ್ಲಿ ಒಂದನ್ನು ತೆಗೆದು, ಗುಂಡಿ ಹೊಲಿದುಕೊಂಡೆ. ಅಕ್ಕ ಹೇಳಿದ್ದು ನಿಜ, ಹೊಲಿಯಲಿಕ್ಕೆ ಬೆರಳು ಸಾಕು. ಬಿಳಿ ಅಂಗಿಯಲ್ಲಿ ಕೆಂಪು ನೂಲಿನ ಗುಂಡಿ. ಆಫೀಸಿನಲ್ಲಿ ಇಬ್ಬರು ನೋಡಿ ನಕ್ಕರು. ನಾನೂ ನಕ್ಕೆ.

ಈಗ ಸಂಜೆ. ನಾಲ್ಕು ಸೂಜಿಗಳನ್ನು ಮತ್ತೆ ಚಿಂದಿಗೆ ಚುಚ್ಚಿ ಹ್ಯಾಟಿನಲ್ಲಿಟ್ಟಿದ್ದೇನೆ. ಈ ಎಂಟು ವರ್ಷಗಳಲ್ಲಿ ರೊಜಿನಾಬಾಯಿ ಈ ಕಿಟಕಿಗೆಂದು ಒಂದು ಒಳ್ಳೆಯ ಬಟ್ಟೆ ತಂದು ಕೊಟ್ಟದ್ದೂ ಉಂಟು. ಅಳತೆ ಸಾಲುವುದಿಲ್ಲ ಎಂದು ಹಿಂದಿರುಗಿಸಿದೆ. ಅಳತೆ ನೋಡಿರಲಿಲ್ಲ. ಬಿಸಿಲು ಗಿಳಿಗಳನ್ನು ದಾಟಿ ನನ್ನ ಮುಖಕ್ಕೆ ಬಂದಿದೆ, ಈ ಕಾಗದದ ಮೇಲೂ ಬಿದ್ದಿದೆ.

ಪಡುವಣ ಕಿಟಕಿಗೆ ಪರದೆ ಇಲ್ಲ.